ಬಾಗಿಲಲ್ಲಿ ಬಂದ್ ಬೀಳುವ ಗಾಡಿ

ಚಹಾಪುಡಿ ಮಾರಿ ಹೊಟ್ಟೆ ಹೊರೆದ ನನಗೆ ಚಹಾ ಆಗಿಬರುವುದಿಲ್ಲ. ಧಂದೆಯಲ್ಲಿದ್ದಷ್ಟು ದಿನ ಈ ಸಂಗತಿಯನ್ನು ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ. ಒಂದು ಕಪ್ಪು ಒಳಗೆ ಹೋದರೆ ಎದೆಯುರಿ, ಎರಡನೆಯದಕ್ಕೆ ಹುಳಿತೇಗು, ಮೂರನೆಯದು ಹೋದರೆ ಆ ರಾತ್ರಿ ಗೋಡೆಗೆ ಒರಗಿಕೊಂಡೇ ಬೆಳಗು ಮಾಡಬೇಕು. ರೋಣದಲ್ಲಿ ನನ್ನ ಮನೆ. ನರಗುಂದದಲ್ಲೂ ಗಜೇಂದ್ರಗಡದಲ್ಲೂ ನನ್ನ ಗಿರಾಕಿ ಅಂಗಡಿಗಳು. ಗಾಡಿಯ ಹಿಂದಿನ ಸೀಟಿಗೆ ಚಹಾಪುಡಿಯ ಚೀಲ ಬಿಗಿದುಕೊಂಡು ವಾರವೆಲ್ಲ ಈ ಮೂರು ಊರುಗಳ ನಡುವಿನ ಕಪ್ಪುಮಣ್ಣಿನ ಸೀಮೆಯಲ್ಲಿ ಓಡಾಡುವುದು ನನ್ನ ಉದ್ಯೋಗವಾಗಿತ್ತು. ಹೋದಲ್ಲೆಲ್ಲ ಜನ ಪ್ರೀತಿಯಿಂದ ನನ್ನ ಪುಡಿಯನ್ನೇ ಕುದಿಸಿ ನನಗೇ ಕೊಡುತ್ತಿದ್ದರು. ಬೇಡ ಎಂದರೆ ‘ಮಾರಾಂವನ ಕುಡ್ಯಾಂಗಿಲ್ಲ ಅಂದ್ರ ಈ ಪುಡಿಯೊಳಗ ಏನು ಕೂಡಸ್ಯಾನೋ’ ಎಂದು ಊರೆಲ್ಲ ಸುದ್ದಿಯಾಗುವುದು ಖಾತ್ರಿ. ಇಂಥ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ನನ್ನ ಹೊಟ್ಟೆಯನ್ನು ಕಾಪಾಡಿದ್ದು ವೈದ್ಯರಲ್ಲ, ನನ್ನ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನು.

ಅದು ಹೇಗೆ ಎಂದರೆ, ಆಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಮುರಿದವರನ್ನು ನಾನು ಕಂಡಿಲ್ಲ. ಯಾರದಾದರೂ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಎಂಜಿನ್ ಚಾಲೂ ಇಟ್ಟಿದ್ದರೆ ನೀವು ಅವಸರದಲ್ಲಿದ್ದೀರಿ ಎಂದು ಅರ್ಥ. ಮನೆಯವರು ಬಾಗಿಲಿಗೆ ಬಂದು, ‘ಬರ್ರಿ ಒಳಗ, ಚಾ ಕುಡದು ಹೋಗೂರಂತ’ ಎನ್ನುತ್ತಾರೆ. ನೀವು ‘ಇಲ್ರಿ, ಗಾಡಿ ಚಾಲೂ ಐತಿ’ ಎನ್ನಬೇಕು. ಅಷ್ಟೇ. ಚಾಲೂ ಇದ್ದದ್ದನ್ನು ಬಂದ್ ಮಾಡಲು ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತು, ಆದರೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅವರು ಮತ್ತೊಮ್ಮೆ ಕರೆಯುತ್ತಾರೆ, ನೀವು ಎಕ್ಸಲೇಟರನ್ನು ತುಸು ತಿರುವಿ ‘ರುಂಯ್’ ಎನಿಸುತ್ತೀರಿ, ಅವರು ‘ಆತು, ಇನ್ನೊಮ್ಮೆ ಸಾವಕಾಶ ಬರ್ರಿ ಮತ್ತ’ ಎನ್ನುತ್ತಾರೆ. ಇಬ್ಬರ ಮರ್ಯಾದೆಯೂ ಉಳಿಯಿತು. ಎಂಜಿನ್ ಬಂದ್ ಮಾಡಿ ನಿಂತಿರೋ, ಅಲ್ಲಿಗೆ ಮುಗಿಯಿತು. ಆಮೇಲೆ ಒಳಗೆ ಹೋಗಲೇಬೇಕು, ಕೂಡಲೇಬೇಕು, ಚುರಮುರಿ ತಿಂದು ಚಹಾ ಕುಡಿಯಲೇಬೇಕು. ಬಂದ್ ಮಾಡಿಯೂ ಒಳಗೆ ಬರದವನು ಒಂದೋ ವಸೂಲಿಗೆ ಬಂದವನು, ಇಲ್ಲವೇ ಸಾವಿನ ಸುದ್ದಿ ತಂದವನು. ಒಳಗೆ ಕರೆಯದ ಮನೆಯವನಂತೂ ಮನುಷ್ಯನೇ ಅಲ್ಲ.

ಹೀಗೆ ನಿಂತಲ್ಲೇ ನಿಂತು, ಕೈ ಬಿಟ್ಟರೂ ಆರಿಹೋಗದೆ, ಗಾಡಿ ತನ್ನಷ್ಟಕ್ಕೆ ತಾನು ಟುಕುಟುಕು ಎನ್ನುತ್ತಿರುವುದಕ್ಕೆ ನಮ್ಮ ಮೆಕ್ಯಾನಿಕ್ಕುಗಳು ‘ಸ್ಲೋ’ ಎನ್ನುತ್ತಾರೆ. ನನ್ನ ಹಳೆಯ ಗಾಡಿಯ ಸ್ಲೋ ಮೂರು ಊರಿನಲ್ಲಿ ಹೆಸರಾಗಿತ್ತು. ರೋಣದ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಮೌಲಾಸಾಬರು ಕಾರ್ಬೋರೇಟರಿನ ಸಣ್ಣ ಸ್ಕ್ರೂ ಒಂದನ್ನು ಕಣ್ಣು ಮುಚ್ಚಿಕೊಂಡು ತಿರುವಿ, ‘ಹೂಂ, ಈಗ ನಿಮ್ಮ ಗಾಡಿ ನಿದ್ದಿಗಣ್ಣಾಗ ಉಸುರಾಡಾಕತ್ತೈತಿ ನೋಡ್ರಿ’ ಎಂದು ಹೇಳಿದರೆ ಮುಂದೆ ಆರು ತಿಂಗಳು ಅದರ ಕಡೆ ನೋಡುವ ಹಾಗಿರಲಿಲ್ಲ. ಆ ಸ್ಲೋ ನಂಬಿ ನಾನು ಎಷ್ಟೋ ಮನೆಗಳ ಮುಂದೆ ಸೀಟಿನ ಮೇಲೆ ಕೂತೇ ಹೆಣ್ಣು ನೋಡುವ ಶಾಸ್ತ್ರದ ಸುದ್ದಿ ಕೇಳಿದ್ದೇನೆ, ಕಡಲೆಯ ಧಾರಣೆ ಚರ್ಚಿಸಿದ್ದೇನೆ, ಅಣ್ಣತಮ್ಮಂದಿರ ಪಾಲಿನ ಜಗಳ ಬಿಡಿಸಲು ಹೋಗಿ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ. ಒಂದು ಹನಿ ಚಹಾ ಮುಟ್ಟಿರಲಿಲ್ಲ.

ಆದರೆ ಆ ಟುಕುಟುಕು ಸದ್ದು ನನಗೆ ನೋವು ಕೊಡುತ್ತಿದ್ದ ಮನೆಯೂ ಒಂದಿತ್ತು. ಅದು ಗಜೇಂದ್ರಗಡದಲ್ಲಿದ್ದ ನಮ್ಮ ಗಂಗಕ್ಕನ ಮನೆ. ಅವ್ವ ತೀರಿಹೋದ ಮೇಲೆ ನನಗೆ ಅವ್ವನ ಜಾಗದಲ್ಲಿದ್ದವಳು ಅವಳೇ. ಅವಳ ಗಂಡ ಬಸಪ್ಪ ಮಾಮಾ. ನಮ್ಮಲ್ಲಿ ಅಕ್ಕನ ಗಂಡನಿಗೂ ಮಾಮಾ ಎನ್ನುತ್ತೇವೆ. ಮನೆಗೆ ಹೊಂದಿಕೊಂಡೇ ಅವರ ಹಿಟ್ಟಿನ ಗಿರಣಿ. ಆಳು ದೊಡ್ಡ ಮೀಸೆಯ ಗಟ್ಟಿಗ, ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು, ಮೂಗಿನ ತುದಿಯಲ್ಲಿ ಸದಾ ಸಿಟ್ಟು. ನಾನು ರೋಣದಲ್ಲಿ ಮನೆ ಕಟ್ಟಿಸಿದಾಗ ವಾಸ್ತುಶಾಂತಿಯ ದಿನ ಒಂದು ಅನಾಹುತ ನಡೆಯಿತು. ಬಂದ ಗಂಡಸರಿಗೆಲ್ಲ ಟೊಪ್ಪಿಗೆ, ಟಾವೆಲ್ಲು ಉಡುಗೊರೆ ಕೊಟ್ಟು ಆಯೇರಿ ಮಾಡುವುದು ಪದ್ಧತಿ. ಮನೆಯ ಹಿರಿಯ ಅಳಿಯನಿಗೆ ಮಾತ್ರ ರುಮಾಲು ಸುತ್ತಬೇಕು. ಸುತ್ತುವ ಹಕ್ಕು ನಮ್ಮ ದೊಡ್ಡಪ್ಪನದು, ದೊಡ್ಡಪ್ಪನ ಎರಡೂ ಕಣ್ಣಿಗೆ ಪೊರೆ. ಜಗಲಿಯ ಮೇಲೆ ಮಾಮಾನ ಪಕ್ಕದಲ್ಲಿ ಮನೆ ಕಟ್ಟಿದ ಗೌಂಡಿ ನಿಂತಿದ್ದ. ಅವನೂ ದೊಡ್ಡ ಮೀಸೆಯವನು, ಆವತ್ತು ಮಾಮಾನಿಗಿಂತ ಬೆಳ್ಳಗಿನ ಧೋತರ ಉಟ್ಟಿದ್ದ. ದೊಡ್ಡಪ್ಪ ‘ಅಳಿಯಾ, ಬಾರಪಾ’ ಎಂದು ಬಾಯಿ ತುಂಬ ಕರೆದು ಗೌಂಡಿಯ ತಲೆಗೆ ರುಮಾಲು ಸುತ್ತಿಬಿಟ್ಟರು. ಗೌಂಡಿ ದೊಡ್ಡಪ್ಪನ ಕಾಲಿಗೂ ಬಿದ್ದ. ಒಮ್ಮೆ ತಲೆಗೇರಿದ ಆಯೇರಿ ರುಮಾಲನ್ನು ಬಿಚ್ಚಿಸಿದರೆ ಆ ಮನೆಗೆ ಒಳ್ಳೆಯದಾಗುವುದಿಲ್ಲವಂತೆ. ಕೊನೆಗೆ ಮಾಮಾನ ಹೆಗಲಿಗೆ ಬಂದದ್ದು ಟಾವೆಲ್ಲು. ಅವರು ಅದನ್ನು ಮಡಚಿ ಹೊಸ್ತಿಲ ಮೇಲಿಟ್ಟು, ಊಟ ಮಾಡದೆ ಗಜೇಂದ್ರಗಡದ ಬಸ್ಸು ಹತ್ತಿದರು.

ನಮ್ಮ ಮನೆಗೆ ಬರಬೇಡ ಎಂದು ಅವರು ಹೇಳಲಿಲ್ಲ. ಬಾ ಎನ್ನುವುದನ್ನು ಬಿಟ್ಟರು. ಹೊಸ ರುಮಾಲು ತಗೊಂಡು ಹೋದರೆ ‘ಗೌಂಡಿಗೆ ಹೆಚ್ಚಾಗಿ ಉಳದದ್ದೇನು?’ ಎಂದು ಕೇಳಿ ಒಳಗೆ ಹೋದರು. ಕರೆಯದ ಮನೆಗೆ ನುಗ್ಗಬಾರದೆಂದು ನನಗೂ ಆಗ ಸೊಕ್ಕು. ಹೀಗಾಗಿ ಎರಡು ವರ್ಷ ನಮ್ಮ ಅಕ್ಕ-ತಮ್ಮರ ಸಂಬಂಧ ಗಾಡಿ ಚಾಲೂ ಇಟ್ಟುಕೊಂಡೇ ನಡೆಯಿತು. ವಾರಕ್ಕೊಮ್ಮೆ ನಾನು ಅವಳ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುವುದು, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವುದು, ನಾನು ಚಹಾಪುಡಿಯ ಪೊಟ್ಟಣ ಕೊಡುವುದು, ಅವಳು ಶೇಂಗಾ ಚಟ್ನಿಯ ಡಬ್ಬಿ ಕೊಡುವುದು. ಒಳಗೆ ಬಾ ಎನ್ನುವ ಮಾತು ಅವಳ ಬಾಯಿಗೆ ಬರುತ್ತಿತ್ತು, ಆದರೆ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತ ಮಾಮಾ ಅಲ್ಲಿಂದಲೇ ಕೆಮ್ಮುತ್ತಿದ್ದರು. ‘ಹೋಗಿ ಬರ್ತೇನಿ ಅಕ್ಕಾ, ಗಾಡಿ ಚಾಲೂ ಐತಿ’ ಎಂದು ನಾನೇ ಅವಳ ಸಂಕಟ ತಪ್ಪಿಸುತ್ತಿದ್ದೆ. ತಿರುವಿನಲ್ಲಿ ಕನ್ನಡಿ ನೋಡಿದರೆ ಅವಳು ಇನ್ನೂ ಬಾಗಿಲಲ್ಲೇ ಇರುತ್ತಿದ್ದಳು. ಗುಡ್ಡದ ಕೆಳಗಿನ ಆ ಓಣಿ ದಾಟುವವರೆಗೆ ನಾನು ಕನ್ನಡಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಈ ಹೊತ್ತಿಗೆ ಹಳೆಯ ಗಾಡಿಗೆ ವಯಸ್ಸಾಯಿತು. ನನ್ನ ಹೆಂಡತಿಯ ತಮ್ಮ ಈರಣ್ಣ ಗದಗಿನಿಂದ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ಹೊಂದಿಸಿಕೊಟ್ಟ. ‘ಮಾಮಾ, ಇದರಾಗ ಕಾರ್ಬೋರೇಟರ ಇಲ್ಲ. ಇಂಜೆಕ್ಷನ್ ಗಾಡಿ ಇದು, ಕಂಪ್ಯೂಟರ ಎಷ್ಟು ಹೇಳತೈತಿ ಅಷ್ಟ ಎಣ್ಣಿ ಒಳಗ ಹೋಗತೈತಿ’ ಎಂದ. ಅಂಥ ಗಾಡಿಗಳು ಆಗಿನ್ನೂ ಹೊಸವು. ನಮ್ಮದು ಮಾತ್ರ ಆ ಹೊಸತರಲ್ಲೇ ಹಳೆಯದಾಗಿ, ಯಾರೋ ಬೇಜಾರಾಗಿ ಮಾರಿದ್ದು. ಓಡಲು ಬಲು ಚಲೋ ಗಾಡಿ, ಸುಳ್ಳು ಹೇಳಬಾರದು. ರೋಣ ಬಿಟ್ಟು ಅಬ್ಬಿಗೇರಿ ದಾಟುವವರೆಗೂ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಹೋಗುತ್ತಿತ್ತು. ಅದರ ರೋಗ ಇದ್ದದ್ದು ನಿಲ್ಲುವುದರಲ್ಲಿ. ಎಂಜಿನ್ನು ಕಾದಿರುವಾಗ ಎಕ್ಸಲೇಟರ್ ಬಿಟ್ಟು ನಿಲ್ಲಿಸಿದೆವೋ, ಮೊದಲು ಒಂದು ನಡುಕ, ಆಮೇಲೆ ಒಂದು ಬಿಕ್ಕಳಿಕೆ, ಮೀಟರಿನಲ್ಲಿ ಹಳದಿ ದೀಪ ಒಮ್ಮೆ ಕಣ್ಣು ಹೊಡೆಯುತ್ತದೆ, ಗಾಡಿ ಬಂದ್. ಬಂದ್ ಬಿದ್ದ ಮೇಲೆ ಸೆಲ್ಫ್ ಒತ್ತಿದರೆ ಕಿರಿಕಿರಿ ಎನ್ನುವುದೇ ಹೊರತು ಹತ್ತುವುದಿಲ್ಲ. ತಣ್ಣಗಾಗಲು ಬಿಡಬೇಕು. ಎಷ್ಟು ಹೊತ್ತು ಎಂದರೆ, ಸರಿಯಾಗಿ ಒಂದು ಕಪ್ಪು ಚಹಾ ಕುದಿಸಿ, ಸೋಸಿ, ಕುಡಿಯುವಷ್ಟು ಹೊತ್ತು.

ಮೊದಲ ವಾರವೇ ನರಗುಂದದಲ್ಲಿ ನನ್ನ ಮಾನ ಹೋಯಿತು. ವರ್ಷಗಟ್ಟಲೆ ‘ಗಾಡಿ ಚಾಲೂ ಐತಿ’ ಎಂದು ತಪ್ಪಿಸಿಕೊಂಡ ಅಂಗಡಿಗಳ ಮುಂದೆಲ್ಲ ಗಾಡಿ ತಾನಾಗಿಯೇ ಬಂದ್ ಬಿತ್ತು. ಕಿರಾಣಿ ಅಂಗಡಿಯ ಮುದುಕರೊಬ್ಬರು ಕಣ್ಣಲ್ಲಿ ನೀರು ತಂದುಕೊಂಡರು. ‘ಇವತ್ತರೆ ನಮ್ಮ ಮ್ಯಾಲೆ ಅಂತಃಕರಣ ಬಂತಲ್ಲೋ ತಮ್ಮಾ, ಬಂದ್ ಮಾಡಿದಿ! ಏ, ಚಾ ತರ್ರಿ, ಹಾಲು ಹೆಚ್ಚು ಹಾಕಿ ತರ್ರಿ!’ ಅಂತಃಕರಣ ನನ್ನದಲ್ಲ, ಗಾಡಿಯದು ಎಂದು ಹೇಗೆ ಹೇಳುವುದು? ಎದುರಿನ ಅಂಗಡಿಯವನು ಅಲ್ಲಿ ಕುಡಿದದ್ದನ್ನು ನೋಡಿದ್ದಾನೆ, ಅಲ್ಲೂ ಕುಡಿಯಬೇಕು. ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕೂತರೆ ಹೆಂಡತಿ ಜೀರಿಗೆ ನೀರು ಕೊಡುತ್ತ, ‘ನನ್ನ ತಮ್ಮ ಕೊಡಿಸಿದ ಗಾಡಿಗೆ ಏನರ ಅನ್ನಬ್ಯಾಡ್ರಿ. ಜನಾ ಈಗ ನಿಮಗ ಮರ್ಯಾದಿ ಕೊಡಾಕತ್ತಾರ’ ಎಂದಳು.

ಮೌಲಾಸಾಬರ ಹತ್ತಿರ ಓಡಿದೆ. ಅವರು ಗಾಡಿಯ ಸುತ್ತ ಪ್ರದಕ್ಷಿಣೆ ಬಂದರು, ಕಣ್ಣು ಮುಚ್ಚಿದರು, ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಎಂದಿನ ಜಾಗಕ್ಕೆ ಒಯ್ದರು. ಅಲ್ಲಿ ಸ್ಕ್ರೂ ಇರಲಿಲ್ಲ. ಕಣ್ಣು ತೆರೆದರು. ‘ಸ್ಕ್ರೂ ಎಲ್ಲೈತ್ರಿ ಇದರದು?’ ಎಂದು ನನ್ನನ್ನೇ ಕೇಳಿದರು, ನಾನು ಬಚ್ಚಿಟ್ಟುಕೊಂಡವನಂತೆ. ಹುಡುಕಿ ಹುಡುಕಿ ಸೀಟಿನ ಕೆಳಗೆ ಯಾವುದೋ ಒಂದು ಸ್ಕ್ರೂ ಕಂಡು, ಇದೇ ಇರಬೇಕು ಎಂದು ತಿರುವಿದರು. ಇಂಡಿಕೇಟರು ಸಡಿಲಾಯಿತು. ‘ಇದು ಗಾಡಿ ಅಲ್ರಿ, ರೇಡಿಯೋ’ ಎಂದು ಕೈ ತೊಳೆದುಕೊಂಡರು. ಹುಬ್ಬಳ್ಳಿಯ ಸರ್ವಿಸ್ ಸ್ಟೇಶನ್ನಿಗೆ ಒಯ್ಯಿರಿ ಎಂದೂ ಹೇಳಿದರು. ಹುಬ್ಬಳ್ಳಿಗೆ ಹೋಗಲು ಒಂದು ದಿನದ ಧಂದೆ ಬಿಡಬೇಕು. ಮುಂದಿನ ವಾರ ನೋಡೋಣ ಎಂದುಕೊಂಡೆ.

ಮಾರನೆಯ ದಿನ ಗಜೇಂದ್ರಗಡದ ಪಾಳಿ. ಅಕ್ಕನ ಓಣಿಗೆ ತಿರುಗುವಾಗಲೇ ಎಕ್ಸಲೇಟರನ್ನು ಬಿಗಿಯಾಗಿ ಹಿಡಿದುಕೊಂಡೆ. ಎಲ್ಲಿ ಬಂದ್ ಬಿದ್ದರೂ ಬೀಳಲಿ, ಇಲ್ಲಿ ಮಾತ್ರ ಬೀಳಬಾರದು. ಬಿದ್ದರೆ ಮಾಮಾ ಕರೆಯಬೇಕಾಗುತ್ತದೆ. ಕರೆಯದೇ ಹೋದರೆ ಎರಡು ವರ್ಷ ಬರೀ ಮುನಿಸಾಗಿದ್ದದ್ದು ಆವತ್ತಿನಿಂದ ನಂಟಸ್ತಿಕೆ ಮುರಿದಂತೆಯೇ, ಅಕ್ಕ ಆಮೇಲೆ ಬಾಗಿಲಿಗೂ ಬರಲಾರಳು. ನಾನು ಎಕ್ಸಲೇಟರ್ ಬಿಡದೆ ‘ರುಂಯ್ ರುಂಯ್’ ಎನಿಸುತ್ತಲೇ ನಿಂತೆ. ಅಕ್ಕ ಬಂದಳು. ಪೊಟ್ಟಣ ಕೊಡಬೇಕಲ್ಲ, ಬಲಗೈ ತೆಗೆದೆ. ನಡುಕ, ಬಿಕ್ಕಳಿಕೆ, ಹಳದಿ ದೀಪ. ಓಣಿಯೆಲ್ಲ ಗಪ್ ಆಯಿತು. ಪಕ್ಕದ ಗಿರಣಿಯೂ ಬೀಸಲು ಕಾಳಿಲ್ಲದೆ ಸುಮ್ಮನಿತ್ತು. ಅಕ್ಕನ ಕೈಯಲ್ಲಿ ಚಟ್ನಿ ಡಬ್ಬಿ ಹಾಗೇ ಉಳಿಯಿತು. ನಾನು ಸೆಲ್ಫ್ ಒತ್ತಿದೆ, ಕಿರ್ ಎಂದಿತು. ಮತ್ತೆ ಒತ್ತಿದೆ, ಅದೂ ಅನ್ನಲಿಲ್ಲ.

ಪಡಸಾಲೆಯಲ್ಲಿ ಪೇಪರು ಕೆಳಗಿಳಿಯಿತು. ಮಾಮಾ ಎದ್ದು ಬಂದು ಹೊಸ್ತಿಲಲ್ಲಿ ನಿಂತರು. ನನ್ನ ಮುಖ ನೋಡಲಿಲ್ಲ. ಎರಡು ವರ್ಷದ ಮೇಲೆ ಅವರು ಮೊದಲು ಮಾತಾಡಿದ್ದು ನನ್ನ ಜೊತೆಗಲ್ಲ, ನನ್ನ ಗಾಡಿಯ ಜೊತೆ.

‘ಏನಾಗೇತಿ ಇದಕ್ಕ?’

ಗಾಡಿ ಉತ್ತರ ಕೊಡಲಿಲ್ಲ, ನಾನು ಕೊಟ್ಟೆ. ‘ಸ್ಲೋ ನಿಲ್ಲವಲ್ದು ಮಾಮಾ. ಇಂಜೆಕ್ಷನ್ ಗಾಡಿ ಇದು.’

‘ಇಂಜೆಕ್ಷನ್ ಮಾಡಿಸಿದ ಮ್ಯಾಲೂ ಗುಣಾ ಆಗಿಲ್ಲೇನು?’ ಎಂದು ಗಾಡಿಯ ಕಡೆ ನೋಡುತ್ತಲೇ ಅಂದರು. ‘ಸ್ಕ್ರೂ ತಿರುವಬೇಕು.’

‘ಸ್ಕ್ರೂ ಇಲ್ರಿ ಇದಕ್ಕ.’

‘ಸ್ಕ್ರೂ ಇಲ್ಲದ ಎಂಜಿನ್ ಇರತೈತೇನು? ಮೂವತ್ತು ವರ್ಷ ಗಿರಣಿ ನಡಿಸೇನಿ, ನನಗ ಹೇಳ್ತಿ?’ ಎಂದು ಮೊದಲ ಬಾರಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆ ನೋಟ ಎಷ್ಟು ಚಲೋ ಅನ್ನಿಸಿತು ಎಂದು ಹೇಗೆ ಹೇಳಲಿ? ಗಿರಣಿಯಿಂದ ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರು, ಬೆಳಕು ಹಿಡಿಯಲು ಒಂದು ಬ್ಯಾಟರಿ ತಂದರು. ಗಾಡಿಯ ಆ ಮಗ್ಗುಲಿಗೆ ಅವರು ಕೂತರು, ಈ ಮಗ್ಗುಲಿಗೆ ನಾನು ಕೂತೆ. ಎಂಜಿನ್ನಿನ ಸಂದಿಯಿಂದ ಅವರ ಹಿಟ್ಟುಹತ್ತಿದ ಹುಬ್ಬು ನನಗೆ, ನನ್ನ ಬೆವರಿದ ಮೂಗು ಅವರಿಗೆ ಕಾಣುತ್ತಿತ್ತು. ಸ್ಕ್ರೂ ಸಿಗಲಿಲ್ಲ. ಸಿಗದೇ ಇದ್ದದ್ದು ಅವರಿಗೆ ಅವಮಾನವಾಗಿ, ‘ಬಿಸಿ ಆಗೇತಿ, ಆರಲಿ. ಒಳಗ ಬಂದು ಕುಂದ್ರು. ಹೊರಗ ನಿಂತರ ಮಂದಿ ಏನಂದಾರು’ ಎಂದರು. ಅಕ್ಕ ಅಷ್ಟರಲ್ಲೇ ಒಳಗೆ ಓಡಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಆವತ್ತಿನ ಚಹಾದಲ್ಲಿ ಯಾಲಕ್ಕಿ ಇತ್ತು, ಸಕ್ಕರೆ ಎರಡು ಸಲ ಬಿದ್ದಿತ್ತು. ಅವಸರದಲ್ಲಿ ಕಪ್ಪು ತುಂಬಿ ಕೆಳಗಿನ ಬಸಿಗೂ ಅರ್ಧ ಚೆಲ್ಲಿದ್ದಳು. ನಾನು ಬಸಿಯದನ್ನೂ ಬಿಡದೆ ಕುಡಿದೆ.

ಅಲ್ಲಿಂದ ಮುಂದೆ ಅದೊಂದು ರೂಢಿಯಾಯಿತು. ಪ್ರತಿ ವಾರ ನಾನು ಹೋಗುವುದು, ಗಾಡಿ ಬಾಗಿಲಲ್ಲಿ ಬಂದ್ ಬೀಳುವುದು, ಮಾಮಾ ಪಾನಾ ಹಿಡಿದು ಬರುವುದು. ಅವರು ತಮ್ಮ ಗಿರಣಿಯ ಎಂಜಿನ್ ರಿಪೇರಿಯ ವಿದ್ಯೆಯನ್ನೆಲ್ಲ ಅದರ ಮೇಲೆ ಪ್ರಯೋಗಿಸಿದರು. ಪೆಟ್ರೋಲ್ ಟಾಕಿಗೆ ಹಸಿ ಗೋಣಿಚೀಲ ಹೊದಿಸಿದರು. ಸೈಲೆನ್ಸರಿಗೆ ಕಟ್ಟಿಗೆಯಿಂದ ಬಡಿದರು. ಒಂದು ಅಮಾವಾಸ್ಯೆಗೆ ನಿಂಬೆಹಣ್ಣನ್ನೂ ಕಟ್ಟಿದರು. ಒಂದೂ ನಡೆಯಲಿಲ್ಲ. ನಡೆಯದಿದ್ದಷ್ಟೂ ಅವರಿಗೆ ಹುರುಪು. ನಾನು ಬರುವುದು ಒಂದು ದಿನ ತಡವಾದರೆ ‘ಆ ಗಾಡಿ ಎಲ್ಲೋ ಬಂದ್ ಬಿದ್ದಿರಬೇಕು’ ಎಂದು ಅಕ್ಕನ ಹತ್ತಿರ ಚಡಪಡಿಸುತ್ತಿದ್ದರಂತೆ. ರುಮಾಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾವು ಮಾತಾಡುತ್ತಿದ್ದುದೆಲ್ಲ ಸ್ಕ್ರೂ ಬಗ್ಗೆಯೇ.

ಆದರೆ ನನಗೆ ಹೊಟ್ಟೆ ಎನ್ನುವುದೊಂದು ಇತ್ತಲ್ಲ. ನರಗುಂದದ ಅಂಗಡಿಗಳ ಚಹಾ, ರೋಣದ ಅಂಗಡಿಗಳ ಚಹಾ, ಜೊತೆಗೆ ಹೊಳೆಆಲೂರಿನ ಕಡೆ ಗಾಡಿ ಬಂದ್ ಬಿದ್ದಲ್ಲೆಲ್ಲ ಪರಿಚಯವಿಲ್ಲದವರ ಚಹಾ. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ‘ನೀವು ಚಹಾದ ಧಂದೆ ಬಿಡ್ರಿ, ಇಲ್ಲಾ ಗಾಡಿ ಬಿಡ್ರಿ’ ಎಂದರು. ಹೆಂಡತಿ ಜೀರಿಗೆ ನೀರು ಬಂದ್ ಮಾಡುತ್ತೇನೆ ಎಂದು ಹೆದರಿಸಿದಳು. ಕೊನೆಗೆ ಒಂದು ದಿನ ಹುಬ್ಬಳ್ಳಿಗೆ ಒಯ್ದೆ. ಅಲ್ಲಿ ಅವರು ಗಾಳಿ ಹೋಗುವ ದಾರಿ ಬಿಚ್ಚಿ ತೋರಿಸಿದರು. ಒಳಗೆಲ್ಲ ಮಸಿ ಕಟ್ಟಿ ಗಂಟಲು ಮುಚ್ಚಿಹೋಗಿತ್ತು. ಓಡುವಾಗ ಹೇಗೋ ಉಸಿರು ಸಿಗುತ್ತಿತ್ತು, ನಿಂತಾಗ ಕಟ್ಟುತ್ತಿತ್ತು. ಔಷಧಿ ಸಿಂಪಡಿಸಿ ತೊಳೆದು ಜೋಡಿಸಿದರು. ಗಾಡಿ ಅಂಗಳದಲ್ಲಿ ನಿಂತು ಟುಕುಟುಕು ಎನ್ನತೊಡಗಿತು. ನನಗೆ ಖುಷಿಯಾಗಬೇಕಿತ್ತು. ನವಲಗುಂದ ದಾಟುವವರೆಗೂ ಆಯಿತು ಕೂಡ. ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಹೊಳೆಯಿತು: ಇನ್ನು ಅಕ್ಕನ ಮನೆಯೊಳಗೆ ಹೋಗುವುದು ಹೇಗೆ? ನನ್ನನ್ನು ಒಳಗೆ ಕರೆದದ್ದು ಮಾಮಾ ಅಲ್ಲ, ಆ ಮಸಿ. ಅದನ್ನು ನಾನೇ ರೊಕ್ಕ ಕೊಟ್ಟು ತೊಳೆಸಿಕೊಂಡು ಬಂದಿದ್ದೆ.

ಗಜೇಂದ್ರಗಡದ ಪಾಳಿ ಬಂತು. ಬಾಗಿಲಲ್ಲಿ ಗಾಡಿ ನಿಲ್ಲಿಸಿ ಕೈಬಿಟ್ಟೆ. ಟುಕುಟುಕು, ಟುಕುಟುಕು. ಅಕ್ಕ ಹೊರಗೆ ಬಂದಳು. ಒಳಗೆ ಸ್ಟೋವಿನ ಸದ್ದು ಕೇಳುತ್ತಿತ್ತು, ಆಗಲೇ ಚಹಾಕ್ಕೆ ಇಟ್ಟಿದ್ದಳು. ಮಾಮಾ ಪಾನಾ ಹಿಡಿದು ಪಡಸಾಲೆಯಲ್ಲಿ ಕಾಯುತ್ತಿದ್ದರು. ಮೂವರೂ ಗಾಡಿಯನ್ನೇ ನೋಡುತ್ತ ನಿಂತೆವು. ಅದು ಬಂದ್ ಬೀಳುತ್ತಿಲ್ಲ. ಅಕ್ಕ ನನ್ನ ಮುಖ ನೋಡಿದಳು. ನಾನೇ ಕೀಲಿ ತಿರುವಬಹುದಿತ್ತು, ಆದರೆ ಕೈ ಏಳಲಿಲ್ಲ. ತಾನಾಗಿ ಬಂದ್ ಬಿದ್ದರೆ ಅದು ಬೇರೆ, ಬಂದ್ ಮಾಡಿದರೆ ಅದು ಬೇರೆ. ಬಂದ್ ಮಾಡಿದ ಮೇಲೂ ಅವರು ಕರೆಯದಿದ್ದರೆ? ಬಾಯಿಂದ ಹಳೆಯ ಮಾತೇ ಬಂತು.

‘ರಿಪೇರಿ ಆತು ಅಕ್ಕಾ. ಬರ್ತೇನಿ ಹಂಗಾದ್ರ. ಗಾಡಿ ಚಾಲೂ ಐತಿ.’

ಮಾಮಾ ದಡದಡನೆ ಮೆಟ್ಟಿಲಿಳಿದು ಬಂದರು. ಒಂದು ಕ್ಷಣ ತಲೆ ವಾಲಿಸಿ ಆ ಸದ್ದು ಕೇಳಿದರು. ಆಮೇಲೆ ಕೈ ಚಾಚಿ ಕೀಲಿ ತಿರುವಿ, ಅದನ್ನು ಕಿತ್ತು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಓಣಿ ಮತ್ತೆ ಗಪ್ ಆಯಿತು.

‘ಕೆಟ್ಟ ಗಾಡಿ ತಂದಾಗ ಒಳಗ ಬರ್ತಿದ್ದಿ. ಚಲೋ ಆದ ಕೂಡಲೆ ಹೊರಗಿಂದ ಹೊರಗ ಹೊಂಟಿ? ನಿಮ್ಮಕ್ಕನ ಮನಿ ಏನು ಗ್ಯಾರೇಜ ಅಂತ ತಿಳದೀ ಏನು?’ ಎಂದು ಗದರಿಸಿ ಒಳಗೆ ನಡೆದರು. ನಾನು ಹಿಂದೆ ಹೋದೆ. ಕೀಲಿ ಅವರ ಕಿಸೆಯಲ್ಲಿತ್ತು, ಬೇರೆ ದಾರಿ ಇರಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಸ್ಟೋವಿನ ಹೊಗೆ ಎಂದಳು. ಚಹಾ ಅರ್ಧ ಮುಗಿದಾಗ ಮಾಮಾ ಬಸಿಯ ಕಡೆ ನೋಡುತ್ತ ಕೇಳಿದರು: ‘ಆ ಗೌಂಡಿ ಇನ್ನೂ ರುಮಾಲಾ ಸುತ್ತತಾನೇನು?’

‘ಹಬ್ಬಕ್ಕ ಸುತ್ತತಾನ್ರಿ.’

‘ಸುತ್ತಲಿ ಬಿಡು. ಅವಗ ಒಪ್ಪತೈತಿ.’ ಮೀಸೆಯೊಳಗೆ ನಗು ಬಂದು, ಚಹಾ ನೆತ್ತಿಗೇರಿ ಅವರು ಕೆಮ್ಮಿದರು. ಎರಡು ವರ್ಷ ಕೇಳಿದ ಕೆಮ್ಮು ಅಲ್ಲ ಅದು. ಆವತ್ತು ರಾತ್ರಿ ನನಗೆ ಎದೆಯುರಿ ಬಂದಿತ್ತೋ ಇಲ್ಲವೋ ನೆನಪಿಲ್ಲ.

ಮಾಮಾ ಈಗಿಲ್ಲ. ಗಿರಣಿಯೂ ಇಲ್ಲ. ಅಕ್ಕನ ಬಾಗಿಲಲ್ಲಿ ನಿಂತಾಗ ಈಗಲೂ ನನ್ನ ಕೈ ತಾನಾಗಿ ಕೀಲಿಗೆ ಹೋಗುತ್ತದೆ. ಧಂದೆ ಬಿಟ್ಟು ಮನೆಯಲ್ಲಿ ಕೂತ ಮೇಲೆ ಇಂಥದ್ದನ್ನೆಲ್ಲ ನೆನೆದು, ಆ ಕಾಲದ ಜನ ಎಂಥವರು, ಎಷ್ಟು ಸಣ್ಣದಕ್ಕೆ ಮುನಿಯುತ್ತಿದ್ದರು, ಎಷ್ಟು ಸಣ್ಣದಕ್ಕೆ ಕರಗುತ್ತಿದ್ದರು ಎಂದು ಹೆಂಡತಿಗೆ ಹೇಳುತ್ತಿರುತ್ತೇನೆ. ಅವಳು ‘ಹೂಂ’ ಎನ್ನುತ್ತಾಳೆ. ಅವಳು ಬರೀ ‘ಹೂಂ’ ಎನ್ನಲು ಕಾರಣವಿದೆ. ಹೋದ ವರ್ಷ ಅವಳ ತಮ್ಮ ಈರಣ್ಣ ಗದಗಿನಲ್ಲಿ ಮನೆ ಕಟ್ಟಿಸಿದ. ವಾಸ್ತುಶಾಂತಿಯ ದಿನ ಎಲ್ಲರಿಗೂ ಟಾವೆಲ್ಲು ಬಂತು. ನನಗೆ ಬಂದದ್ದು ಕರ್ಚೀಫು. ಟಾವೆಲ್ಲು ಸಾಲಲಿಲ್ಲವಂತೆ. ನಾನೇನೂ ಸಿಟ್ಟಿಗೆದ್ದಿಲ್ಲ. ಬಾ ಎನ್ನುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ನಿನ್ನೆ ಅವನು ಬಂದಿದ್ದ. ಗೇಟಿನ ಹೊರಗೆ ಹೊಸ ಗಾಡಿಯ ಮೇಲೆ ಕೂತು ತನ್ನ ಅಕ್ಕನ, ಅಂದರೆ ನನ್ನ ಹೆಂಡತಿಯ, ಜೊತೆ ಮಾತಾಡುತ್ತಿದ್ದ. ನಾನು ಪಡಸಾಲೆಯಲ್ಲಿ ಪೇಪರು ಹಿಡಿದಿದ್ದೆ. ಅವನ ಗಾಡಿ ಟುಕುಟುಕು ಎನ್ನುತ್ತಲೇ ಇತ್ತು. ಒಂದು ನಡುಕ ಇಲ್ಲ, ಒಂದು ಬಿಕ್ಕಳಿಕೆ ಇಲ್ಲ. ಹಾಳಾದ ಈಗಿನ ಗಾಡಿಗಳು ಬಂದ್ ಬೀಳುವುದೇ ಇಲ್ಲ. ಬಹಳ ಹೊತ್ತು ಕಾದೆ. ‘ಬರ್ತೇನಿ ಅಕ್ಕಾ’ ಎನ್ನುವುದು ಕೇಳಿಸಿತು. ಒಮ್ಮೆ ಕೆಮ್ಮಿದೆ. ಆ ಕೆಮ್ಮು ನನಗೇ ಗುರುತು ಸಿಕ್ಕಿತು. ಪೇಪರು ಒಗೆದು, ಚಪ್ಪಲಿಯನ್ನೂ ಹಾಕದೆ ಗೇಟಿಗೆ ಓಡಿ, ಕೀಲಿ ಕಿತ್ತುಕೊಳ್ಳಲೆಂದು ಅವನ ಗಾಡಿಗೆ ಕೈ ಹಾಕಿದೆ. ಹ್ಯಾಂಡಲಿನಲ್ಲಿ ನೋಡಿದೆ, ಟಾಕಿಯ ಹತ್ತಿರ ತಡಕಿದೆ, ಮಗ್ಗುಲಲ್ಲಿ ಬಗ್ಗಿದೆ. ಕೀಲಿ ಹಾಕುವ ತೂತೇ ಇಲ್ಲ.

‘ಕೀಲಿ ಎಲ್ಲೈತೋ ಇದರದು?’

‘ಕೀಲಿ ಇಲ್ಲ ಮಾಮಾ ಇದಕ್ಕ. ಬಟನ್ ಗಾಡಿ ಇದು’ ಎಂದ ಈರಣ್ಣ, ಗಾಬರಿಯಾಗಿ.

‘ಕೀಲಿ ಇಲ್ಲದ ಗಾಡಿ ಇರತೈತೇನು? ನನಗ ಹೇಳ್ತಿ?’ ಎಂದು ನಾನು ಅವನನ್ನು ದುರುಗುಟ್ಟಿ ನೋಡಿದೆ. ಹೆಂಡತಿ ಆಗಲೇ ಒಳಗೆ ಹೋಗಿ ಚಹಾಕ್ಕೆ ಇಟ್ಟಿದ್ದಳು.